ಲ್ಯೂಕೋಫೋಲಿಸ್: ಬೇರುಹುಳುವಿನ ದುಂಬಿ ಕುಲ

ಲ್ಯೂಕೋಫೋಲಿಸ್ ಎಂಬುದು ಸ್ಕ್ಯಾರಬಿಡೀ ಕುಟುಂಬದ ಮೆಲೊಲಾಂತಿನೀ ಉಪಕುಟುಂಬಕ್ಕೆ ಸೇರಿದ ದುಂಬಿ ಕುಲ. ದಕ್ಷಿಣ ಭಾರತದಿಂದ ಇಂಡೊನೇಷ್ಯ, ಫಿಲಿಪೀನ್ಸ್‌ವರೆಗೆ ಇದರ ಪ್ರಭೇದಗಳು ಹರಡಿವೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಈ ಹೆಸರು ಹೊಸದಿರಬಹುದು, ಹುಳು ಮಾತ್ರ ಹಳೆಯ ವೈರಿ. ಅಡಿಕೆ, ತೆಂಗಿನ ಬುಡ ಅಗೆದಾಗ ಬಾಗಿಕೊಂಡು ಬಿದ್ದಿರುವ ಕಂದು ತಲೆಯ ಬಿಳಿ ಬೇರುಹುಳು, ಕೆಲವೆಡೆ ಗೊಣ್ಣೆಹುಳು ಎಂದು ಕರೆಸಿಕೊಳ್ಳುವುದು, ಬಹುಮಟ್ಟಿಗೆ ಇದೇ ಕುಲದ ಮರಿ. ಮರಿಯನ್ನು ಊರೆಲ್ಲ ಬಲ್ಲದು. ಅದು ಬೆಳೆದು ಆಗುವ ದುಂಬಿಯನ್ನು ಬಲ್ಲವರು ಕಡಿಮೆ. ಆಯುಸ್ಸಿನ ಬಹುಪಾಲನ್ನು ಮಣ್ಣೊಳಗೇ ಕಳೆದು, ಮುಂಗಾರಿನ ಆರಂಭದ ಕೆಲವೇ ಮುಸ್ಸಂಜೆಗಳಲ್ಲಿ ಹೊರಬರುವ ಜೀವಿ ಅದು. ಪ್ರಭೇದಗಳಿಗೆ ಹೆಸರಿಟ್ಟಿರುವುದೂ ಅವುಗಳನ್ನು ವಿಂಗಡಿಸಿರುವುದೂ ದುಂಬಿಯ ಲಕ್ಷಣ ನೋಡಿ. ಆದರೆ ತೋಟದಲ್ಲಿ ಕೈಗೆ ಸಿಗುವುದು ಹುಳು. ಈ ಎರಡನ್ನು ಜೋಡಿಸುವ ಕೆಲಸವೇ ಈ ಕುಲದ ಅಧ್ಯಯನದ ದೊಡ್ಡ ಪಾಲು.

ವರ್ಗೀಕರಣದಲ್ಲಿ ಸ್ಥಾನ

ಕೋಲಿಯಾಪ್ಟೆರ ಗಣದ ದೊಡ್ಡ ಕುಟುಂಬಗಳಲ್ಲಿ ಸ್ಕ್ಯಾರಬಿಡೀ ಒಂದು. ಇದರಲ್ಲಿ ಸುಮಾರು 30,000 ಪ್ರಭೇದಗಳಿವೆ. ಸಗಣಿಯನ್ನು ಉಂಡೆ ಕಟ್ಟಿ ಉರುಳಿಸುವ ದುಂಬಿ, ತೆಂಗಿನ ಸುಳಿ ಕೊರೆಯುವ ಕುರುವಾಯಿ, ಹೂವಿನ ಮೇಲೆ ಹಸಿರು ಹೊಳಪಿನಿಂದ ಕೂರುವ ಹೂದುಂಬಿ ಎಲ್ಲವೂ ಒಂದೇ ಮನೆತನದವು. ಇವುಗಳ ಕುಡಿಮೀಸೆಯ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿ ಮುಚ್ಚುವ ತೆಳು ಹಾಳೆಗಳಿರುತ್ತವೆ. ಇಷ್ಟು ಕಂಡರೆ ಸಾಕು, ಕುಟುಂಬ ಯಾವುದೆಂದು ಹೆಚ್ಚುಕಡಿಮೆ ತೀರ್ಮಾನವಾಯಿತು.

ಉಪಕುಟುಂಬ ಗುರುತಿಸುವಲ್ಲಿ ಕಾಲಿನ ಉಗುರು ಬಲು ಉಪಯುಕ್ತ. ರುಟೆಲಿನೀ ಉಪಕುಟುಂಬದ ಹೊಳೆಯುವ ದುಂಬಿಗಳಲ್ಲಿ ಒಂದೇ ಪಾದದ ಎರಡು ಉಗುರುಗಳ ಉದ್ದ ಬೇರೆ ಬೇರೆ, ಅವು ಬೇರೆ ಬೇರೆಯಾಗಿಯೇ ಅಲುಗಬಲ್ಲವು. ಮೆಲೊಲಾಂತಿನೀಗಳಲ್ಲಿ ಸಾಮಾನ್ಯವಾಗಿ ಎರಡೂ ಸಮ, ಹಲ್ಲುಳ್ಳವು ಅಥವಾ ತುದಿ ಸೀಳಿದವು. ಡೈನಾಸ್ಟಿನೀ ಉಪಕುಟುಂಬದ ಕುರುವಾಯಿಯಲ್ಲಿ ದವಡೆಯ ಅಂಚು ಮೇಲಿನಿಂದಲೇ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಹೂದುಂಬಿಗಳು ಗಡಸು ಮುಂರೆಕ್ಕೆಗಳನ್ನು ಮುಚ್ಚಿಕೊಂಡೇ ಹಾರಿದರೆ ಲ್ಯೂಕೋಫೋಲಿಸ್ ಅವನ್ನು ಅಗಲಿಸಿಕೊಂಡು, ಗುಂಯ್‌ಗುಡುತ್ತಾ ಭಾರವಾಗಿ ಹಾರುತ್ತದೆ. ಸಗಣಿ ದುಂಬಿಗಳಿಂದ ಇವುಗಳನ್ನೆಲ್ಲ ಬೇರ್ಪಡಿಸುವ ಹಳೆಯ ಗುರುತು ಹೊಟ್ಟೆಯ ಉಸಿರುರಂಧ್ರಗಳ ಜಾಗ. ಸಗಣಿ ದುಂಬಿಗಳಲ್ಲಿ ಅವು ಮೆದು ಪೊರೆಯಲ್ಲೇ ಸಾಲಾಗಿರುತ್ತವೆ. ಮೆಲೊಲಾಂತಿನೀಯಂಥವುಗಳಲ್ಲಿ ಹಿಂದಿನ ರಂಧ್ರಗಳು ಗಡಸು ಫಲಕದ ಮೇಲೇ ತೆರೆದಿರುತ್ತವೆ. ಜರ್ಮನ್ ವಿಜ್ಞಾನಿ ಎರಿಕ್ಸನ್ 1840ರ ದಶಕದಲ್ಲಿ ಮಾಡಿದ ಈ ವಿಂಗಡಣೆ ಈಗ ಅಧಿಕೃತ ವರ್ಗವಾಗಿ ಉಳಿದಿಲ್ಲ, ಆದರೂ ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆ ಇಂದಿಗೂ ಕೆಲಸಕ್ಕೆ ಬರುತ್ತದೆ.

ಉಪಕುಟುಂಬದೊಳಗೆ ಈ ಕುಲವನ್ನು ಲ್ಯೂಕೋಫೋಲಿನಿ ಎಂಬ ಪಂಗಡದಲ್ಲಿ ಇಡುತ್ತಾರೆ. ಕೆಲವು ಗ್ರಂಥಗಳು ಇದನ್ನು ಮೆಲೊಲಾಂತಿನಿ ಪಂಗಡದ ಉಪಪಂಗಡವೆಂದು ಎಣಿಸುತ್ತವೆ. ಮೆಲೊಲಾಂತಿಡೀ ಎಂಬ ಪ್ರತ್ಯೇಕ ಕುಟುಂಬವನ್ನೇ ಮಾಡುವವರೂ ಇದ್ದಾರೆ. ಮೂರು ಪುಸ್ತಕಗಳಲ್ಲಿ ಮೂರು ವಿಳಾಸ ಕಂಡ ಓದುಗ ಗಾಬರಿಯಾಗಬೇಕಿಲ್ಲ. ಬದಲಾಗುವುದು ಮೇಲಿನ ಅಂತಸ್ತು ಮಾತ್ರ, ಪ್ರಭೇದದ ಹೆಸರು ಹಾಗೇ ಉಳಿಯುತ್ತದೆ.

ಹೆಸರು ಬಂದ ಬಗೆ

ಕುಲದ ಹೆಸರನ್ನು ಮೊದಲು ಅಚ್ಚಿನಲ್ಲಿ ತಂದವನು ಕೌಂಟ್ ಪಿಯರ್ ದೆಜಾಂ, 1833ರಲ್ಲಿ. ಈತ ನೆಪೋಲಿಯನ್ನನ ಸೇನೆಯಲ್ಲಿ ದಳಪತಿಯಾಗಿದ್ದವನು, ವಾಟರ್ಲೂ ಕಾಳಗದಲ್ಲೂ ಇದ್ದವನು. ಯುದ್ಧದ ನಡುವೆ ಕುದುರೆಯಿಂದಿಳಿದು ದುಂಬಿ ಹಿಡಿದು, ಶಿರಸ್ತ್ರಾಣದ ಒಳಗೆ ಅಂಟಿಸಿದ್ದ ಬೆಂಡಿಗೆ ಚುಚ್ಚಿಕೊಳ್ಳುತ್ತಿದ್ದ ಎಂಬ ಕಥೆ ಕೀಟಶಾಸ್ತ್ರಜ್ಞರ ನಡುವೆ ಇಂದಿಗೂ ಓಡಾಡುತ್ತದೆ. ಆತನ ಪುಸ್ತಕ ತನ್ನ ಸಂಗ್ರಹದ ಪಟ್ಟಿಯೇ ಹೊರತು ವಿವರಣಾ ಗ್ರಂಥವಲ್ಲ. ಪಟ್ಟಿಯಲ್ಲಿ ಕುಲದ ಹೆಸರಿನ ಕೆಳಗೆ ಈಗಾಗಲೇ ವಿವರಿಸಲ್ಪಟ್ಟ ಪ್ರಭೇದಗಳ ಹೆಸರಿದ್ದರೆ ಅದನ್ನು ಮಾನ್ಯ ಮಾಡಲು ನಾಮಕರಣದ ನಿಯಮಗಳಲ್ಲಿ ಅವಕಾಶವಿದೆ. ಹೀಗೆ ಒಂದು ಸಾಲಿನ ವಿವರಣೆಯೂ ಇಲ್ಲದೆ ಹುಟ್ಟಿದ ಹೆಸರುಗಳು ದುಂಬಿಲೋಕದಲ್ಲಿ ಸಾಕಷ್ಟಿವೆ.

ಇದಕ್ಕೂ ಮೊದಲೇ, 1801ರಲ್ಲಿ, ಲಿನ್ನೇಯಸನ ಶಿಷ್ಯ ಫ್ಯಾಬ್ರೀಸಿಯಸ್ ಇಂದು ಲ್ಯೂಕೋಫೋಲಿಸ್ ರೋರಿಡ ಎನ್ನುವ ಪ್ರಭೇದವನ್ನು ಮೆಲೊಲಾಂತ ಎಂಬ ಕುಲದಲ್ಲಿ ವಿವರಿಸಿದ್ದ. ಬೇರು ತಿನ್ನುವ ದುಂಬಿಗಳನ್ನೆಲ್ಲ ಒಂದೇ ಮೂಟೆಗೆ ತುಂಬುತ್ತಿದ್ದ ಕಾಲ ಅದು. ನಮಗೆ ಮುಖ್ಯವಾದ ಭಾರತೀಯ ಪ್ರಭೇದಗಳು ಬಂದದ್ದು ಆಮೇಲೆ. ಲೆಪಿಡೋಫೋರ ಪ್ರಭೇದಕ್ಕೆ ಪ್ಯಾರಿಸ್ಸಿನ ಎಮಿಲ್ ಬ್ಲಾಂಶಾರ್ 1850ರ ಆಸುಪಾಸಿನಲ್ಲಿ ಹೆಸರಿಟ್ಟ. ಕೋನಿಯೋಫೋರವನ್ನು ಜರ್ಮನಿಯ ಹರ್ಮನ್ ಬರ್ಮೈಸ್ಟರ್ 1855ರಲ್ಲಿ ವಿವರಿಸಿದ. ಎರ್ನ್ಸ್ಟ್ ಬ್ರೆನ್ಸ್ಕೆ ಆ ಶತಮಾನದ ಕೊನೆಯ ದಶಕದಲ್ಲಿ ಮೂರನೆಯದನ್ನು ಗುರುತಿಸಿ, ಹಿರಿಯನ ಗೌರವಾರ್ಥ ಬರ್ಮೈಸ್ಟರಿ ಎಂದು ಕರೆದ. ಪ್ರಭೇದವನ್ನು ಹೆಸರಿಸುವಾಗ ಆಧಾರವಾಗಿಟ್ಟುಕೊಂಡ ಮೂಲ ಮಾದರಿಗೆ ನಾಮಕರಣದಲ್ಲಿ ಕೊನೆಯ ಮಾತಿನ ಅಧಿಕಾರವಿದೆ. ಬ್ಲಾಂಶಾರನ ದುಂಬಿಗಳು ಪ್ಯಾರಿಸ್ಸಿನಲ್ಲಿ, ಬರ್ಮೈಸ್ಟರನ ಸಂಗ್ರಹ ಹಾಲೆ ನಗರದ ವಿಶ್ವವಿದ್ಯಾಲಯದಲ್ಲಿ, ಬ್ರೆನ್ಸ್ಕೆಯದರ ಬಹುಭಾಗ ಬರ್ಲಿನ್ನಿನಲ್ಲಿ ಇವೆ. ಶೃಂಗೇರಿಯ ತೋಟದಲ್ಲಿ ಸಿಕ್ಕ ದುಂಬಿಯ ಬಗ್ಗೆ ಗಟ್ಟಿಯಾದ ತಕರಾರು ಎದ್ದರೆ ಪಂಚಾಯ್ತಿ ನಡೆಯಬೇಕಾದದ್ದು ಅಲ್ಲಿ.

ಈ ಗುಂಪಿನ ಅಧ್ಯಯನ ಭಾರತದಲ್ಲಿ ಹಿಂದುಳಿಯಲು ಇನ್ನೊಂದು ಕಾರಣವಿದೆ, ಅದನ್ನು ಸ್ವಲ್ಪ ನಿಂತು ಹೇಳಬೇಕು. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಈ ದುಂಬಿಗಳ ಹೊಣೆ ಹೊತ್ತವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗಿಲ್ಬರ್ಟ್ ಆರೋ. 1910ರಲ್ಲಿ ಹೂದುಂಬಿ ಮತ್ತು ಕೊಂಬುದುಂಬಿಗಳ ಸಂಪುಟ ಬಂತು, 1917ರಲ್ಲಿ ರುಟೆಲಿನೀ, 1931ರಲ್ಲಿ ಸಗಣಿ ದುಂಬಿಗಳದ್ದು. ಮೆಲೊಲಾಂತಿನೀ ಸಂಪುಟ ಮಾತ್ರ ಬರಲೇ ಇಲ್ಲ. 1948ರಲ್ಲಿ ಆರೋ ತೀರಿಕೊಂಡ. ಅವನ ಹೆಸರಿನಲ್ಲಿ 1950ರಲ್ಲಿ ಹೊರಬಂದ ಕೊನೆಯ ಸಂಪುಟವೂ ಬೇರೆ ಕುಟುಂಬಗಳಿಗೆ ಮೀಸಲಾಯಿತು. ಇದರ ಪರಿಣಾಮವಾಗಿ, ಬೆಳೆಗೆ ಅಷ್ಟೇನೂ ಕಾಟ ಕೊಡದ ಹೂದುಂಬಿಗಳಿಗೆ ನೂರು ವರ್ಷಗಳಿಂದ ಕೈಪಿಡಿಯಿದೆ. ಕಬ್ಬು, ಅಡಿಕೆ, ಶೇಂಗಾ, ಆಲೂಗೆಡ್ಡೆಗಳ ಬೇರು ಮುಕ್ಕುವ ಗುಂಪಿಗೆ ಅಂಥದ್ದಿಲ್ಲ. ಜರ್ಮನ್, ಫ್ರೆಂಚ್, ಲ್ಯಾಟಿನ್ ಭಾಷೆಗಳ ಚದುರಿದ ಲೇಖನಗಳನ್ನು ಕೂಡಿಸಿಕೊಂಡೇ ಭಾರತೀಯ ಸಂಶೋಧಕರು ಕೆಲಸ ಮಾಡಬೇಕಾಯಿತು.

ದುಂಬಿಯ ಗುರುತು

ಲ್ಯೂಕೋಫೋಲಿಸ್ ದುಂಬಿ ದಪ್ಪನಾಗಿ, ನೀಳವಾಗಿ, ಬೆನ್ನು ಉಬ್ಬಿಕೊಂಡಿರುತ್ತದೆ. ಉದ್ದ ಸುಮಾರು ಎರಡರಿಂದ ಮೂರು ಸೆಂಟಿಮೀಟರ್, ಕೆಲವು ಇನ್ನೂ ಸ್ವಲ್ಪ ದೊಡ್ಡವು. ಬಣ್ಣ ಕಂದಿನ ಬೇರೆ ಬೇರೆ ಛಾಯೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಅವುಗಳಿಂದ ಬಿಳಿ ಅಥವಾ ಹಳದಿ ಮಿಶ್ರಿತ ಶಲ್ಕಗಳು ಎದ್ದಿರುತ್ತವೆ. ಬಿಳಿ ಶಲ್ಕದ ದುಂಬಿ ಎಂಬುದೇ ಕುಲನಾಮದ ಗ್ರೀಕ್ ಅರ್ಥ. ಕುಡಿಮೀಸೆಗೆ ಹತ್ತು ಗೆಣ್ಣು, ತುದಿಯ ಮೂರು ಹಾಳೆಗಳಾಗಿವೆ. ಗಂಡಿನ ಹಾಳೆ ಹೆಣ್ಣಿನದಕ್ಕಿಂತ ಉದ್ದ. ಹೊಟ್ಟೆಯ ತುದಿಯ ಫಲಕ ಮುಂರೆಕ್ಕೆಗಳ ಕೆಳಗೆ ಅಡಗದೆ ಹೊರಗೆ ಕಾಣುತ್ತದೆ.

ಕುಲ ಗುರುತಿಸಲು ಇಷ್ಟು ಸಾಕು. ಪ್ರಭೇದ ಬೇಕೆಂದರೆ ಇದರಲ್ಲಿ ಅರ್ಧದಷ್ಟು ಕೈಕೊಡುತ್ತದೆ. ದುಂಬಿ ಕೋಶ ಬಿಟ್ಟು ಬಂದ ಹೊಸದರಲ್ಲಿ ತಿಳಿಬಣ್ಣದ್ದಾಗಿದ್ದು ದಿನ ಕಳೆದಂತೆ ಕಪ್ಪೇರುತ್ತದೆ, ಹೀಗಾಗಿ ಬಣ್ಣವನ್ನು ನಂಬುವ ಹಾಗಿಲ್ಲ. ಶಲ್ಕಗಳೂ ಮಣ್ಣಿನಿಂದ ಮೇಲೆದ್ದು ಬರುವಾಗ ತಿಕ್ಕಾಡಿ ಉದುರುತ್ತವೆ. ನಾಲ್ಕು ದಿನ ಹಾರಾಡಿದ ದುಂಬಿ ಬೋಳಾಗಿ, ಬೇರೆಯದೇ ಪ್ರಭೇದವೇನೋ ಅನ್ನಿಸುತ್ತದೆ. ಆದ್ದರಿಂದ ವರ್ಗೀಕರಣಕಾರರು ಎರಡು ಮುಂರೆಕ್ಕೆಗಳ ನಡುವಿನ ತ್ರಿಕೋನ ಫಲಕದ ಬದಿ, ಹೊಟ್ಟೆಯ ಅಡಿಭಾಗದಂಥ ತಿಕ್ಕಾಟ ಕಡಿಮೆಯಿರುವ ಜಾಗಗಳಲ್ಲಿ ಉಳಿದ ಶಲ್ಕದ ಆಕಾರ ನೋಡುತ್ತಾರೆ. ಅದು ದುಂಡಗಿದೆಯೇ, ಮೊಟ್ಟೆಯಾಕಾರವೇ, ಕೂದಲಿನಷ್ಟು ಸಪೂರವೇ, ಪಕ್ಕದ ಶಲ್ಕಕ್ಕೆ ತಾಗುವಷ್ಟು ದಟ್ಟವೇ ಎಂಬುದು ಲೆಕ್ಕಕ್ಕೆ ಬರುತ್ತದೆ.

ಕೊನೆಯ ಸಾಕ್ಷಿ ಗಂಡಿನ ಜನನಾಂಗ. ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಹೊಟ್ಟೆಯ ತುದಿಯಿಂದ ಸಣ್ಣ ಚಿಮಟದಲ್ಲಿ ಆ ಗಡಸು ಕೊಳವೆಯನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಅಂಟಿಕೊಂಡ ಮಾಂಸ ಕರಗಿ, ತುದಿಯ ಜೋಡಿ ಕವಲುಗಳು ಸ್ವಚ್ಛವಾಗಿ ಕಾಣುತ್ತವೆ. ಪಕ್ಕದಿಂದ ನೋಡಿದಾಗ ಅವುಗಳ ಬಾಗು ಹೇಗಿದೆ, ತುದಿ ಮೊಂಡೋ ಚೂಪೋ, ಎರಡೂ ಕೂಡುವ ಜಾಗ ಎಲ್ಲಿ ಎಂಬುದನ್ನು ಚಿತ್ರ ಬರೆದು ಹೋಲಿಸುತ್ತಾರೆ. ಹೊರಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ದುಂಬಿಗಳು ಇಲ್ಲಿ ಥಟ್ಟನೆ ಬೇರೆಯಾಗುತ್ತವೆ. ತೆಗೆದ ಭಾಗವನ್ನು ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿಟ್ಟು ದುಂಬಿಯ ಸೂಜಿಗೇ ಚುಚ್ಚಿಡುವುದು ರೂಢಿ. ಹೆಣ್ಣು ಮಾತ್ರ ಸಿಕ್ಕಾಗ ಅನುಭವಿಗಳೂ ಪ್ರಭೇದದ ಹೆಸರು ಬರೆಯಲು ಹಿಂಜರಿಯುತ್ತಾರೆ, ಹಿಂಜರಿಯುವುದೇ ಸರಿ.

ಹುಳುವಿನ ಗುರುತು

ಹುಳುವಿನಲ್ಲಿ ನೋಡಬೇಕಾದ್ದು ಮುಖವನ್ನಲ್ಲ, ಹಿಂಭಾಗವನ್ನು. ಕೊನೆಯ ಖಂಡದ ಅಡಿಯಲ್ಲಿ, ಗುದದ್ವಾರದ ಮುಂದೆ, ಮುಳ್ಳು ಮತ್ತು ಕೂದಲುಗಳ ಒಂದು ವಿನ್ಯಾಸವಿದೆ. ಲ್ಯೂಕೋಫೋಲಿಸ್‌ನಲ್ಲಿ ಮೊಂಡು ಮುಳ್ಳುಗಳು ಉದ್ದಕ್ಕೆ ಎರಡು ಸಾಲಾಗಿ ಕೂತು, ತುದಿಗಳನ್ನು ಒಂದಕ್ಕೊಂದು ಎದುರಾಗಿ ಚಾಚಿರುತ್ತವೆ. ನಡುವೆ ಬೋಳಾದ ಓಣಿ. ಸಾಲಿನ ಉದ್ದ, ಮುಳ್ಳುಗಳ ಸಂಖ್ಯೆ, ಸುತ್ತಲಿನ ಕೊಕ್ಕೆಗೂದಲುಗಳ ದಟ್ಟಣೆ ಇವುಗಳಿಂದ ಪ್ರಭೇದದ ಅಂದಾಜು ಸಿಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರವೊಂದಿದ್ದರೆ ತೋಟದಲ್ಲೇ ಇದನ್ನು ನೋಡಬಹುದು. ಹುಳು ಮೂರು ಹಂತಗಳಲ್ಲಿ ಬೆಳೆಯುತ್ತದೆ; ನಂಬಿಕೆಗೆ ಅರ್ಹವಾದದ್ದು ಮೂರನೆಯ ಹಂತದ್ದು. ಮೈ ಹಿಗ್ಗಿ ಕುಗ್ಗುವುದರಿಂದ ಹಂತವನ್ನು ಗಾತ್ರದಿಂದ ಹೇಳಲಾಗದು, ತಲೆಯ ಚಿಪ್ಪಿನ ಅಗಲ ಅಳೆಯಬೇಕು.

ಗೊಬ್ಬರದ ಗುಂಡಿಯಲ್ಲಿ ಸಿಗುವ ದಪ್ಪ ಹುಳುಗಳನ್ನೆಲ್ಲ ಬೇರುಹುಳು ಎಂದು ಕೊಲ್ಲುವುದು ಸಾಮಾನ್ಯ. ಅವು ಬಹಳ ಸಲ ಕುರುವಾಯಿಯ ಮರಿಗಳು. ಅವಕ್ಕೆ ಈ ಜೋಡಿ ಸಾಲು ಇರುವುದಿಲ್ಲ, ಮುಳ್ಳುಗೂದಲು ಚೆದುರಿರುತ್ತದೆ. ಕುರುವಾಯಿಯೂ ತೆಂಗಿಗೆ ಶತ್ರುವೇ ಆದ್ದರಿಂದ ಆ ತಪ್ಪಿನಿಂದ ನಷ್ಟವಿಲ್ಲ. ಅದೇ ಗುಂಡಿಯಲ್ಲಿ ಹೂದುಂಬಿಯ ಮರಿಗಳೂ ಇರುತ್ತವೆ, ಕೊಳೆತದ್ದನ್ನು ತಿಂದು ಗೊಬ್ಬರ ಮಾಡುವಂಥವು. ಅವನ್ನು ಗುರುತಿಸಲು ಮಸೂರವೂ ಬೇಡ. ಚಪ್ಪಟೆ ನೆಲದ ಮೇಲೆ ಬಿಟ್ಟರೆ ಅಂಗಾತ ಮಲಗಿ ಬೆನ್ನಿನ ಮೇಲೇ ತೆವಳುತ್ತವೆ. ಬೇರುಹುಳು ಹಾಗೆ ಮಾಡುವುದಿಲ್ಲ.

ಪ್ರಭೇದಗಳು ಮತ್ತು ಅವುಗಳ ಕಾಲಗಣನೆ

ದಕ್ಷಿಣ ಭಾರತದಲ್ಲಿ ಬೆಳೆಗೆ ಸಂಬಂಧಪಟ್ಟವು ಮುಖ್ಯವಾಗಿ ಮೂರು. ಕೋನಿಯೋಫೋರ ಕೇರಳ ಮತ್ತು ಅದಕ್ಕೆ ತಾಗಿದ ಕರಾವಳಿಯ ಮರಳುಮಿಶ್ರಿತ ಮಣ್ಣಿನದು, ತೆಂಗಿನ ತೋಟದ್ದು. 1950ರ ದಶಕದ ಆರಂಭದಲ್ಲಿ ಇದು ತೆಂಗಿನ ಹೊಸ ಪೀಡೆಯೆಂದು ದಾಖಲಾಯಿತು. ತೆಂಗಿನ ನಡುವೆ ಬೆಳೆಯುವ ಮರಗೆಣಸು, ಕೆಸು, ಬಾಳೆಗಳ ಬೇರುಗಡ್ಡೆಯನ್ನೂ ಬಿಡುವುದಿಲ್ಲ. ಬರ್ಮೈಸ್ಟರಿ ಅಡಿಕೆಯ ಜೊತೆ ಬೆಸೆದುಕೊಂಡ ಪ್ರಭೇದ. ದಕ್ಷಿಣ ಕನ್ನಡ, ಕಾಸರಗೋಡು, ಘಟ್ಟದ ಅಡಿಕೆ ಸೀಮೆ ಅದರ ನೆಲೆ. ಲೆಪಿಡೋಫೋರ ಮಲೆನಾಡಿನ ಅಡಿಕೆಯಲ್ಲೂ ಇದೆ, ಕೊಲ್ಹಾಪುರ, ಸಾಂಗ್ಲಿ ಕಡೆಯ ನದೀತೀರದ ಕಬ್ಬಿನಲ್ಲೂ ಇದೆ.

ಈ ವಿಂಗಡಣೆ ಪಂಡಿತರ ಪಟ್ಟಿಗಷ್ಟೇ ಸೀಮಿತವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕೋನಿಯೋಫೋರ ಒಂದೇ ವರ್ಷದಲ್ಲಿ ಜೀವನಚಕ್ರ ಮುಗಿಸುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ ಮುಂಗಾರು ಮಣ್ಣನ್ನು ನೆನೆಸಿದ ಮೇಲೆ ದುಂಬಿಗಳು ಕತ್ತಲಾಗುವ ಮುನ್ನ ಹೊರಬಂದು ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮೊದಲ ಹಂತದ ಮರಿ ಸಾವಯವ ಕಸ, ಹುಲ್ಲಿನ ಎಳೆಬೇರು ತಿಂದುಕೊಂಡಿರುತ್ತದೆ. ದೊಡ್ಡ ಹುಳುಗಳು ಮರದ ಬೇರಿಗೆ ಬಾಯಿ ಹಾಕುವುದು ಮಳೆಗಾಲದ ಕೊನೆಯ ಸುಮಾರಿಗೆ. ಹಾಗಾಗಿ ಮರಿ ಎಳೆಯದಾಗಿರುವಾಗ ಮದ್ದು ಮಾಡಬೇಕು ಎಂಬ ಲೆಕ್ಕ ಇಲ್ಲಿ ಸರಿಹೋಗುತ್ತದೆ. ಬರ್ಮೈಸ್ಟರಿಗೆ ಎರಡು ವರ್ಷ ಬೇಕು. ಅದರ ತೋಟದಲ್ಲಿ ಬುಡ ಅಗೆದರೆ ಈ ವರ್ಷದ ಸಣ್ಣ ಹುಳು, ಕಳೆದ ವರ್ಷದ ದಪ್ಪ ಹುಳು ಎರಡೂ ಒಟ್ಟಿಗೆ ಸಿಗಬಹುದು. ಒಂದು ವರ್ಷ ಮದ್ದು ಹಾಕಿ ಗೆದ್ದೆವೆಂದು ಕೈಕಟ್ಟಿ ಕೂತ ಬೆಳೆಗಾರನಿಗೆ ಮರುವರ್ಷ ಹುಳು ಮತ್ತೆ ಕಾಣುವುದು ಇದೇ ಕಾರಣಕ್ಕೆ. ಪ್ರಭೇದದ ಹೆಸರು ಗೊತ್ತಾದರೆ ಗೊತ್ತಾಗುವುದು ಈ ಪಂಚಾಂಗ.

ಬೇರು ಹೋದ ಮರದ ಸೋಗೆ ಹಳದಿಯಾಗುತ್ತದೆ, ತುದಿ ಸಪೂರವಾಗುತ್ತದೆ, ಎಳೆಗಾಯಿ ಉದುರುತ್ತದೆ. ಬಸಿಗಾಲುವೆ ಸರಿಯಿಲ್ಲದ ತೋಟದಲ್ಲೂ ಅಡಿಕೆ ಹೆಚ್ಚುಕಡಿಮೆ ಹೀಗೇ ಕಾಣುವುದರಿಂದ ಅಗೆದು ನೋಡದೆ ತೀರ್ಮಾನಿಸಬಾರದು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಒಂದೇ ಉಪಾಯವನ್ನು ನೆಚ್ಚಿಕೊಳ್ಳದೆ, ಮುಸ್ಸಂಜೆಯಲ್ಲಿ ದುಂಬಿ ಆರಿಸುವುದು, ಬುಡ ಅಗೆದು ಹುಳು ಹೆಕ್ಕುವುದು, ಬೇವಿನ ಹಿಂಡಿ, ಹುಳುವಿನೊಳಗೆ ಹೊಕ್ಕು ಕೊಲ್ಲುವ ಸ್ಟೈನರ್ನೀಮ ಕಾರ್ಪೊಕ್ಯಾಪ್ಸೆ ಎಂಬ ಸೂಕ್ಷ್ಮ ದುಂಡುಜಂತು ಇವೆಲ್ಲವನ್ನೂ ಸೇರಿಸಿ ಬಳಸಲು ಹೇಳುತ್ತದೆ.

ಭಾರತದ ಹೊರಗೆ ರೋರಿಡ ಜಾವಾದಲ್ಲಿ ಮರಗೆಣಸು ಮೊದಲಾದ ಬೆಳೆಗಳ ಬೇರುಹುಳು; ಅಲ್ಲಿನವರು ಅದನ್ನು ಉರೆತ್ ಎನ್ನುತ್ತಾರೆ. ಇರೊರೇಟ ಫಿಲಿಪೀನ್ಸಿನ ಕಬ್ಬು, ಮೆಕ್ಕೆಜೋಳಗಳ ಪೀಡೆ. ಅಲ್ಲಿ ಇಂಥ ದುಂಬಿಗಳಿಗೆಲ್ಲ ಸಲಗುಬಾಂಗ್ ಎಂಬ ಹೆಸರಿದೆ. ಹುರಿದು ತಿನ್ನುವ ವಾಡಿಕೆಯೂ ಇದೆ.

ನೆಂಟರು

ಅತ್ಯಂತ ಹತ್ತಿರದ ಕುಲಗಳಲ್ಲಿ ಲೆಪಿಡಿಯೋಟ ಒಂದು. ಎರಡರ ನಡುವಿನ ಗೆರೆ ಎಲ್ಲೆಡೆ ಸ್ಪಷ್ಟವಾಗಿಲ್ಲ. ಬ್ರಹ್ಮಪುತ್ರದ ನಡುಗಡ್ಡೆ ಮಾಜುಲಿಯಲ್ಲಿ ಬೆಳೆಗಳನ್ನು ಕಾಡುವ ಲೆಪಿಡಿಯೋಟ ಮ್ಯಾನ್‌ಸ್ವೀಟ ಕೂಡ ಎರಡು ವರ್ಷದ ಚಕ್ರದ್ದು, ಅದರ ದುಂಬಿ ಏನನ್ನೂ ತಿನ್ನುವುದಿಲ್ಲ. ಶಲ್ಕಗಳ ವಿಷಯದಲ್ಲಿ ಹೆಸರು ಮಾಡಿದ ನೆಂಟ ಆಗ್ನೇಯ ಏಷ್ಯಾದ ಸೈಫೋಕೈಲಸ್. ಅದರ ಮೈ ಅಚ್ಚಬಿಳಿ. ಒಂದು ಶಲ್ಕದ ದಪ್ಪ ಸುಮಾರು ಐದು ಮೈಕ್ರೊಮೀಟರ್ ಅಷ್ಟೇ. ಅದರೊಳಗಿನ ಅಡ್ಡಾದಿಡ್ಡಿ ತಂತುಜಾಲ ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮ ಚೆದುರಿಸುವುದರಿಂದ ಆ ಬಿಳುಪು ಬರುತ್ತದೆಂದು 2007ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಲ್ಯೂಕೋಫೋಲಿಸ್‌ನ ಉದುರುವ ಶಲ್ಕಗಳಿಗೆ ಅಂಥ ಭಾಗ್ಯ ಇನ್ನೂ ಒದಗಿಲ್ಲ.

ಡಿಎನ್‌ಎ ಸಾಕ್ಷ್ಯ

ಹುಳು ಯಾವ ದುಂಬಿಯದು ಎಂದು ತಿಳಿಯಲು ಮೊದಲು ಇದ್ದ ದಾರಿ ಒಂದೇ. ಹುಳುವನ್ನು ಮಣ್ಣಿನ ಕುಂಡದಲ್ಲಿ ಸಾಕಿ, ಅದು ಕೋಶವಾಗಿ, ದುಂಬಿಯಾಗಿ ಬರುವವರೆಗೆ ಕಾಯುವುದು. ಎರಡು ವರ್ಷದ ಚಕ್ರದವಕ್ಕೆ ಇದು ದೊಡ್ಡ ತಪಸ್ಸು. ನಡುವೆ ಬೂಷ್ಟು ಬಂದು ಸತ್ತರೆ ಎಲ್ಲ ವ್ಯರ್ಥ. ಡರ್ಕ್ ಆರೆನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ತೋರಿಸಿತು. ನೇಪಾಳದಲ್ಲಿ ಒಂದೇ ಪ್ರದೇಶದಿಂದ ಮೆಲೊಲಾಂತಿನೀ ಮತ್ತಿತರ ದುಂಬಿಗಳನ್ನೂ ಮಣ್ಣಿನ ಹುಳುಗಳನ್ನೂ ಸಂಗ್ರಹಿಸಿ, ಎರಡರ ಡಿಎನ್‌ಎ ಹೋಲಿಸಿ, ಯಾವ ಮರಿ ಯಾವ ದುಂಬಿಗೆ ಸೇರಿದ್ದೆಂದು ಅವರು ಜೋಡಿ ಮಾಡಿದರು. ಭಾರತದ ಬೇರುಹುಳುಗಳಿಗೂ ಈ ವಿಧಾನ ಈಗ ಬಳಕೆಗೆ ಬಂದಿದೆ. ಸಾಮಾನ್ಯವಾಗಿ ಓದುವುದು ಸಿಒಐ ಎಂಬ ಜೀನಿನ ತುಣುಕನ್ನು.

ಇದರಿಂದ ಹಳೆಯ ವಿದ್ಯೆಗೆ ನಿವೃತ್ತಿ ಸಿಕ್ಕಿತೆಂದು ತಿಳಿಯಬಾರದು. ಡಿಎನ್‌ಎ ಎರಡು ಮಾದರಿಗಳು ಒಂದೇ ಎಂದು ಹೇಳೀತು, ಅದರ ಹೆಸರು ಕೋನಿಯೋಫೋರ ಎಂದು ಹೇಳಲಾರದು. ಆ ಮಾತನ್ನು ಗಂಡುದುಂಬಿಯ ಜನನಾಂಗ ನೋಡಿ ಯಾರಾದರೂ ಮೊದಲು ಹೇಳಿರಬೇಕು. ಬೋಳಾದ ಹೆಣ್ಣುದುಂಬಿಗೆ ಅಂದಾಜಿನಲ್ಲಿ ಹೆಸರಿಟ್ಟು ಅದರ ಸರಣಿಯನ್ನು ಸಾರ್ವಜನಿಕ ಭಂಡಾರಕ್ಕೆ ಸೇರಿಸಿದರೆ, ಮುಂದೆ ಅದಕ್ಕೆ ಹೊಂದುವ ಹುಳುಗಳೆಲ್ಲ ಅದೇ ತಪ್ಪು ಹೆಸರು ಹೊರುತ್ತವೆ. ಆದ್ದರಿಂದ ಒಂದೇ ತೋಟದಿಂದ ಮುಸ್ಸಂಜೆಯಲ್ಲಿ ಹಿಡಿದ ಗಂಡುಹೆಣ್ಣುಗಳ ಜೋಡಿ, ಅದೇ ಮಣ್ಣಿನ ಮೂರನೆಯ ಹಂತದ ಹುಳು, ಊರು ಮತ್ತು ದಿನಾಂಕ ಬರೆದ ಚೀಟಿ ಇವು ಒಟ್ಟಿಗಿರುವ ಸಂಗ್ರಹಕ್ಕೆ ಬೆಲೆ ಹೆಚ್ಚು. ಗುರುತಿಗೆ ಇಡುವ ಹುಳುವನ್ನು ಕುದಿನೀರಿನಲ್ಲಿ ಅದ್ದಿ ಆಮೇಲೆ ಶೇಕಡ 70ರ ಆಲ್ಕೊಹಾಲಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗಿ ಮುಳ್ಳುಸಾಲು ಕಾಣದಾಗುತ್ತದೆ. ಡಿಎನ್‌ಎಗೆಂದು ಇಡುವುದನ್ನು ಕುದಿಸದೆ ನೇರವಾಗಿ ಶೇಕಡ 95ಕ್ಕಿಂತ ಗಟ್ಟಿಯಾದ ಆಲ್ಕೊಹಾಲಿನಲ್ಲಿ ಹಾಕಿ ತಣ್ಣಗಿನ ಜಾಗದಲ್ಲಿಡುತ್ತಾರೆ.